ವಸಾಯಿ ಕೋಟೆಗೆ ಬಾಟಲಿ ಮರೆತು ಹೋದ ಕಥೆ

ಚಿತ್ರದುರ್ಗದವರನ್ನು ಬೇರೆ ಊರಿನ ಕೋಟೆ ನೋಡಲು ಕರೆದುಕೊಂಡು ಹೋಗಬಾರದು. ಎರಡು ನಿಮಿಷ ಸುತ್ತಮುತ್ತ ನೋಡುತ್ತೇವೆ, ಆಮೇಲೆ ‘ಇಷ್ಟೇನಾ?’ ಅನ್ನುತ್ತೇವೆ. ನಗಬೇಡಿ, ನೀವೂ ಅಂದಿರುತ್ತೀರಿ. ಏಳು ಸುತ್ತು, 19 ಹೆಬ್ಬಾಗಿಲು, 38 ದಿಡ್ಡಿಬಾಗಿಲು, 35 ಕಳ್ಳಗಂಡಿ ಅಂತ ಶಾಲೆಯಲ್ಲೇ ಬಾಯಿಪಾಠ ಆಗಿರುವವರಿಗೆ ಇನ್ನೊಬ್ಬರ ಗೋಡೆ ಗೋಡೆ ಅಂತಲೇ ಅನ್ನಿಸುವುದಿಲ್ಲ. ಮುಂಬಯಿ ಹತ್ತಿರದ ವಸಾಯಿ ಕೋಟೆಯ ಮುಂದೆ ಆಟೋ ಇಳಿದಾಗ ನಾನೂ ಅದನ್ನೇ ಅಂದೆ. ಜೊತೆಗಿದ್ದ ನಮ್ಮ ಮನೆಯವರು, ‘ಒಳಗೆ ಹೋಗಿ ನೋಡಿ ಆಮೇಲೆ ಹೇಳಿ’ ಅಂದರು. ಇವತ್ತು ಹೇಳಲು ಬಂದಿರುವುದು ಆ ಒಳಗೆ ಹೋಗಿ ನೋಡಿದ ಕಥೆ.

ಮೊದಲೇ ಒಂದು ಮಾತು. ನಾನು ಇತಿಹಾಸದ ಮೇಷ್ಟ್ರಲ್ಲ. 31 ವರ್ಷ ಕುಡಿಯುವ ನೀರಿನ ಕೆಲಸದಲ್ಲಿ ಇದ್ದವನು. ಪೈಪು, ವಾಲ್ವು, ಪಂಪ್‌ಹೌಸು, ಬೇಸಿಗೆಯಲ್ಲಿ ಖಾಲಿ ಕೊಡ ಹಿಡಿದುಕೊಂಡು ಕಚೇರಿ ಮುಂದೆ ನಿಂತ ಹೆಂಗಸರು, ಇಷ್ಟೇ ನನಗೆ ಗೊತ್ತಿದ್ದ ಪ್ರಪಂಚ. ಹಾಗಾಗಿ ಯಾವ ಕೋಟೆಗೆ ಹೋದರೂ ನನ್ನ ಕಣ್ಣು ಮೊದಲು ಹುಡುಕುವುದು ಒಂದನ್ನೇ: ಇವರಿಗೆ ನೀರು ಎಲ್ಲಿಂದ ಬರುತ್ತಿತ್ತು? ಈ ಚಾಳಿ ಅಂಟಿದ್ದು ಇಲ್ಲೇ, ನಮ್ಮ ಕೋಟೆಯಲ್ಲೇ.

ಮಳೆ ಬಿದ್ದ ಮಾರನೇ ದಿನ ನೀವು ಗೋಪಾಲಸ್ವಾಮಿ ಹೊಂಡದ ಹತ್ತಿರ ಹೋಗಿ ನಿಂತಿದ್ದೀರಾ? ಸುತ್ತ ಬಂಡೆ. ಒಂದು ಹನಿಯೂ ಇಂಗುವುದಕ್ಕೆ ಜಾಗ ಇಲ್ಲ, ಬಿದ್ದದ್ದೆಲ್ಲ ಹರಿದು ಹೊಂಡಕ್ಕೇ ಬರಬೇಕು. ಅದು ತುಂಬಿದರೆ ಅಕ್ಕತಂಗಿ ಹೊಂಡಕ್ಕೆ. ಅಲ್ಲೂ ಹೆಚ್ಚಾದರೆ ಕೆಳಗೆ ಊರಿಗಿಳಿದು ಸಿಹಿನೀರು ಹೊಂಡ, ಸಂತೆಹೊಂಡ. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಊರು ಇದು, ಅದೂ ಬಿದ್ದರೆ. ಮಾರಿಕಣಿವೆ ಅಣೆಕಟ್ಟು 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬೀಳುವುದಕ್ಕೆ 2022 ಬರಬೇಕಾಯಿತು. ಆ ದಿನ ಜನ ಕುಟುಂಬ ಸಮೇತ ಬುತ್ತಿ ಕಟ್ಟಿಕೊಂಡು ನೀರು ನೋಡಲು ಹೋದರು, ನಾನೂ ಹೋಗಿದ್ದೆ. ಅಂಥ ನೆಲದಲ್ಲಿ ಮೋಟಾರು ಇಲ್ಲದೆ, ಕರೆಂಟು ಇಲ್ಲದೆ, ಬರೀ ಇಳಿಜಾರನ್ನು ನಂಬಿ ಒಂದು ಸೈನ್ಯಕ್ಕೆ, ಒಂದು ಊರಿಗೆ ನೀರು ಕೊಟ್ಟರು. ನನ್ನ ಸರ್ವಿಸಿನಲ್ಲಿ ಅಷ್ಟು ಚೆನ್ನಾದ ಲೆವೆಲ್ ತೆಗೆದವರನ್ನು ನಾನು ನೋಡಿಲ್ಲ.

ಓಬವ್ವನ ಕಥೆಯನ್ನೂ ನೆನಪು ಮಾಡಿಕೊಳ್ಳಿ. ನಾವೆಲ್ಲ ಒನಕೆಯನ್ನು ನೆನಪಿಟ್ಟುಕೊಂಡಿದ್ದೇವೆ. ಕಾವಲಿನ ಗಂಡ ಊಟಕ್ಕೆ ಕೂತಿದ್ದ, ಕುಡಿಯಲು ನೀರಿಲ್ಲ, ಕೊಡ ಹಿಡಿದು ತಣ್ಣೀರು ದೋಣಿಗೆ ಹೋದಳು. ಕಿಂಡಿಯಲ್ಲಿ ಸದ್ದು ಕೇಳಿದ್ದು ಆಗ. ಮನೆಯಲ್ಲಿ ನೀರು ಇದ್ದಿದ್ದರೆ ಆ ಹೊತ್ತಿಗೆ ಅವಳು ಅಲ್ಲಿಗೆ ಹೋಗುತ್ತಲೇ ಇರಲಿಲ್ಲ. ನೀರು ಸರಬರಾಜಿನವನಾಗಿ ಈ ಭಾಗ ನನಗೆ ಬಹಳ ಇಷ್ಟ.

ಸರಿ, ವಸಾಯಿಗೆ ಬರೋಣ.

ಮಗಳು, ಅಳಿಯ ಇರುವುದು ಮೀರಾ ರೋಡಿನಲ್ಲಿ. ಹೋದ ಮೇ ತಿಂಗಳಲ್ಲಿ ಮೊಮ್ಮಗನನ್ನು ನೋಡಿಕೊಂಡು ಬರೋಣ ಅಂತ ಹೋಗಿದ್ದೆವು. ಫ್ಲ್ಯಾಟಿನಲ್ಲಿ ಮೂರು ದಿನ ಕೂತರೆ ನಮ್ಮಂಥವರಿಗೆ ಕೈಕಾಲು ಹಿಡಿದುಕೊಳ್ಳುತ್ತದೆ. ಅಳಿಯಂದಿರು, ‘ಮಾವ, ಇಲ್ಲೇ ಮೂರನೇ ಸ್ಟೇಷನ್ನು, ಪೋರ್ಚುಗೀಸರ ಕೋಟೆ ಇದೆ, ಹೋಗಿ ಬನ್ನಿ’ ಅಂದರು. ಮೀರಾ ರೋಡ್ ಬಿಟ್ಟರೆ ಭಾಯಂದರ್, ಆಮೇಲೆ ನಾಯ್‌ಗಾಂವ್, ಆಮೇಲೆ ವಸಾಯಿ ರೋಡ್. ಭಾಯಂದರ್ ದಾಟಿದ ಕೂಡಲೇ ಲೋಕಲ್ ರೈಲು ಒಂದು ದೊಡ್ಡ ಅಳಿವೆಯ ಮೇಲೆ ಹೋಗುತ್ತದೆ. ಬಾಗಿಲಲ್ಲಿ ನಿಂತ ಹುಡುಗರು ಫೋನಿನಿಂದ ತಲೆ ಎತ್ತುವುದಿಲ್ಲ. ನನಗೋ ಅಷ್ಟು ಅಗಲದ ನೀರು ಕಂಡರೆ ಎದೆ ಧಸಕ್ಕೆನ್ನುತ್ತದೆ. ಎಲ್ಲ ಉಪ್ಪು ನೀರು, ಕುಡಿಯಲು ಬರುವುದಿಲ್ಲ ಅಂತ ಮನಸ್ಸಿಗೆ ಹೇಳಿಕೊಂಡರೂ ಅಷ್ಟೇ. ಈ ಅಳಿವೆಯನ್ನು ಜ್ಞಾಪಕದಲ್ಲಿ ಇಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಸ್ಟೇಷನ್ನಿನಿಂದ ಆಟೋ. ಬಾಳೆತೋಟ, ಬಿಳಿ ಶಿಲುಬೆಗಳು, ಹೆಂಚಿನ ಮನೆ, ಮತ್ತೆ ಬಾಳೆತೋಟ. ಆಟೋ ನಮ್ಮನ್ನು ಇಳಿಸಿ ತಿರುಗಿ ಹೋದ ಮೇಲೆ ಗೊತ್ತಾಯಿತು, ನೀರಿನ ಬಾಟಲಿ ಇದ್ದ ಚೀಲ ಅದರ ಹಿಂದಿನ ಸೀಟಿನಲ್ಲೇ ಹೋಯಿತು ಅಂತ. ಮೇ ತಿಂಗಳು, ಬೆಳಗ್ಗೆ ಹತ್ತೂವರೆ, ಕಡಲ ಸೆಖೆ. 31 ವರ್ಷ ಊರಿಗೆಲ್ಲ ನೀರು ಕೊಟ್ಟವನ ಕೈಯಲ್ಲಿ ಒಂದು ಗುಟುಕು ನೀರಿಲ್ಲ. ನಮ್ಮ ಮನೆಯವರು ಏನೂ ಅನ್ನಲಿಲ್ಲ. ಅನ್ನದೇ ಇದ್ದದ್ದೇ ಹೆಚ್ಚು.

ಆ ಕೋಟೆ ಹೇಗಿದೆ ಅಂದರೆ, ನಮ್ಮ ಹಾಗೆ ಬೆಟ್ಟ ಇಲ್ಲ. ಸಪಾಟು ನೆಲ. ಮೂರು ಕಡೆ ಸಮುದ್ರ ಮತ್ತು ಅಳಿವೆ, ಒಂದು ಕಡೆ ಮಾತ್ರ ಭೂಮಿ, ಆ ಕಡೆಗೆ ಸಮುದ್ರದ ನೀರನ್ನೇ ಬಿಟ್ಟುಕೊಂಡಿದ್ದ ಕಂದಕ. ಒಳಗೆ ಸುಮಾರು 110 ಎಕರೆ. ನಮ್ಮಲ್ಲಿ ಬಂಡೆಯಿಂದ ಬಂಡೆಗೆ ಗೋಡೆ ಹೊಲಿದ ಹಾಗಿದೆ, ಅಲ್ಲವಾ? ಅಲ್ಲಿ ಹಾಗಲ್ಲ, ಒಂದು ಪಟ್ಟಣವನ್ನು ಮೊದಲು ಕಾಗದದ ಮೇಲೆ ಬರೆದುಕೊಂಡು ಸುತ್ತ ಗೋಡೆ ಎಳೆದಂತಿದೆ. ಚೂಪು ಮೂಲೆಯ ಬತೇರಿಗಳು, ಹೆಚ್ಚಿನವಕ್ಕೆ ಸಂತರ ಹೆಸರು: ಸಾಂತಿಯಾಗೊ, ಸಾವೊ ಸೆಬಾಸ್ಟಿಯಾವೊ, ರೇಯಿಸ್ ಮಾಗೊಸ್. ನಾವು ಲಾಲ್ ಬತೇರಿ, ಝಂಡಾ ಬತೇರಿ ಅನ್ನುತ್ತೇವಲ್ಲ, ಆ ‘ಬತೇರಿ’ ಕೂಡ ಯುರೋಪಿನವರ ಮಾತೇ. ತೋಪುಗಳನ್ನು ಸಾಲಾಗಿ ನಿಲ್ಲಿಸುವ ಜಾಗಕ್ಕೆ ಅವರು ಇಟ್ಟ ಹೆಸರು. ತೋಪು ಬಂದ ಮೇಲೆ ಹೆಸರೂ ಹಿಂದೆಯೇ ಬೆಟ್ಟ ಹತ್ತಿತು.

ಒಳಗಿನ ಸಣ್ಣ ಕೋಟೆಯ ಬಾಗಿಲ ಮೇಲೆ ಒಂದು ಕೆತ್ತನೆ ಇದೆ. ಅದರ ಮುಂದೆ ಬಹಳ ಹೊತ್ತು ನಿಂತೆ. ಒಂದು ಗೋಳ, ಸುತ್ತ ಬಳೆ ಬಳೆ ತೊಡಿಸಿದ ಹಾಗೆ ಉಂಗುರಗಳು. ಹಡಗಿನವರು ನಕ್ಷತ್ರ ನೋಡಿ ದಾರಿ ಲೆಕ್ಕ ಹಾಕುವ ಸಾಧನದ ಆಕಾರ ಅದು, ಪೋರ್ಚುಗಲ್ ರಾಜರು ತಮ್ಮ ಲಾಂಛನ ಮಾಡಿಕೊಂಡಿದ್ದರು. ಪಕ್ಕದಲ್ಲಿ ಶಿಲುಬೆ, ರಾಜಮುದ್ರೆ. ಮಳೆ ಹೊಡೆದು ಹೊಡೆದು ಉಂಗುರಗಳ ಅಂಚು ಸವೆದು ಬೆಲ್ಲದ ಅಚ್ಚಿನ ಹಾಗೆ ನುಣುಪಾಗಿದೆ, ಒಂದು ಬಿರುಕಿನಲ್ಲಿ ಅರಳಿ ಸಸಿ. ನಮ್ಮ ಕೋಟೆ ಬಾಗಿಲಲ್ಲಿ ಏಳು ಹೆಡೆಯ ಹಾವು ಕೆತ್ತಿದ್ದಾರಲ್ಲ, ಒಳಗೆ ಏಳು ಸುತ್ತಿದೆ ಹುಷಾರು ಅಂತ? ಬರುವವನಿಗೆ ಆ ಹಾವು ಎಚ್ಚರಿಕೆ ಹೇಳುತ್ತದೆ. ಈ ಗೋಳ ಹೇಳುವುದು ಬೇರೆ: ನಾವು ಇಲ್ಲಿಯವರಲ್ಲ, ಸಮುದ್ರದ ಮೇಲೆ ಬಂದವರು, ಅದೇ ದಾರಿಯಲ್ಲಿ ನಮ್ಮ ಇನ್ನಷ್ಟು ಜನ ಬರುತ್ತಾರೆ.

ಹೇಗೆ ಬಂದರು ಅನ್ನುವುದನ್ನು ಬೇಗ ಹೇಳಿಬಿಡುತ್ತೇನೆ. ಗುಜರಾತಿನ ಸುಲ್ತಾನ ಬಹಾದುರ್ ಷಾನಿಗೆ ಹುಮಾಯೂನನ ಹೆದರಿಕೆ. ಆ ಹೆದರಿಕೆಯಲ್ಲಿ 1534ರ ಡಿಸೆಂಬರಿನಲ್ಲಿ ಪೋರ್ಚುಗೀಸರ ಜೊತೆ ಒಪ್ಪಂದ ಮಾಡಿಕೊಂಡು ವಸಾಯಿಯನ್ನೂ ಮುಂಬಯಿಯ ದ್ವೀಪಗಳನ್ನೂ ಬಿಟ್ಟುಕೊಟ್ಟ. ರುಜು ಬಿದ್ದದ್ದು ಎಲ್ಲಿ ಗೊತ್ತಾ? ಅವರ ಹಡಗಿನಲ್ಲೇ. ಮೂರು ವರ್ಷದಲ್ಲಿ ದಿಯು ಹತ್ತಿರ ಅದೇ ಪೋರ್ಚುಗೀಸರ ಜೊತೆಗಿನ ಗಲಾಟೆಯಲ್ಲಿ ಬಹಾದುರ್ ಷಾ ಸಮುದ್ರ ಪಾಲಾದ. ವಸಾಯಿ ಮಾತ್ರ 200 ವರ್ಷ ಅವರ ಕೈಯಲ್ಲಿ ಉಳಿಯಿತು, ಉತ್ತರ ಪ್ರಾಂತಕ್ಕೆಲ್ಲ ರಾಜಧಾನಿಯಾಗಿ. ಮುಂಬಯಿ ಆಗ ಲೆಕ್ಕಕ್ಕೇ ಇರಲಿಲ್ಲ. 1661ರಲ್ಲಿ ಅದನ್ನು ಇಂಗ್ಲಿಷ್ ರಾಜನಿಗೆ ಮದುವೆಯ ವರದಕ್ಷಿಣೆಯಲ್ಲಿ ಸೇರಿಸಿ ಕೊಟ್ಟರು ಅಂದಮೇಲೆ ನೀವೇ ಯೋಚನೆ ಮಾಡಿ.

ಇಲ್ಲಿ ಸ್ವಲ್ಪ ಅಡ್ಡದಾರಿ ಹಿಡಿಯುತ್ತೇನೆ. ದಾವಣಗೆರೆಯಿಂದ ಬಂದವರು ಕೈ ಎತ್ತಿ. ಸಂಜೆ ಮಂಡಕ್ಕಿ, ಮೆಣಸಿನಕಾಯಿ ಇಲ್ಲದೆ ನಿಮಗೆ ದಿನ ಮುಗಿಯುತ್ತದಾ? ಆ ಮೆಣಸಿನಕಾಯಿ ಅಮೆರಿಕ ಖಂಡದ್ದು, ಈ ಕರಾವಳಿಗೆ ಇಳಿದದ್ದು ಪೋರ್ಚುಗೀಸರ ಹಡಗಿನಿಂದ. ಅದಕ್ಕೆ ಮೊದಲು ಈ ದೇಶದಲ್ಲಿ ಖಾರ ಅಂದರೆ ಕಾಳುಮೆಣಸು. ಚಳ್ಳಕೆರೆಯವರು ಸುಮ್ಮನೆ ಇರಬೇಡಿ, ನಿಮ್ಮ ಶೇಂಗಾ ಕೂಡ ದಕ್ಷಿಣ ಅಮೆರಿಕದ ಹುಟ್ಟು. ಪರಂಗಿ ಹಣ್ಣಿನ ಹೆಸರಲ್ಲೇ ಪರಂಗಿಯವನಿದ್ದಾನೆ. ಮೇಜು, ಚಾವಿ, ಇಸ್ತ್ರಿ, ಸಾಬೂನು, ಪಾದ್ರಿ, ಬಟಾಟೆ, ಪಗಾರ. ತಿಂಗಳ ಕೊನೆಗೆ ನಾವು ಕಾಯುವ ಪಗಾರ ಕೂಡ ಅವರ ಮಾತು. ಇನ್ನೊಂದು ಕೇಳಿ. ನಮ್ಮ ಕೋಟೆ ಗುಡ್ಡದಲ್ಲಿ, ಜೋಗಿಮಟ್ಟಿಯಲ್ಲಿ ಯಾರೂ ನೆಡದೆ, ನೀರು ಹಾಕದೆ ಬೆಳೆಯುವ ಸೀತಾಫಲ. ಬುಟ್ಟಿಯಲ್ಲಿ ತುಂಬಿಕೊಂಡು ಕೋಟೆ ಬಾಗಿಲಲ್ಲಿ ಕೂತು ಮಾರುತ್ತಾರಲ್ಲ, ಸೀತಮ್ಮನ ಹೆಸರಿಟ್ಟು ನಮ್ಮದೇ ಮಾಡಿಕೊಂಡಿದ್ದೇವಲ್ಲ, ಅದು ಕೂಡ ಅಮೆರಿಕದಿಂದಲೇ ಬಂದದ್ದು, ತಂದವರು ಪೋರ್ಚುಗೀಸರು ಅನ್ನುತ್ತಾರೆ ಬಲ್ಲವರು. ಹೈದರಾಲಿ ಏಣಿ ಹಾಕಿದರೂ ಹತ್ತಲಾಗದ ಬೆಟ್ಟವನ್ನು ಒಂದು ಹಣ್ಣಿನ ಬೀಜ ಹತ್ತಿಬಿಟ್ಟಿದೆ.

ವಾಪಸ್ ಕೋಟೆಗೆ. ಒಳಗೆ ಬೀದಿಗಳ ಗುರುತಿದೆ. ಮನೆಗಳಿಗೆ ಮಾಡಿಲ್ಲ, ಕಿಟಕಿಗಳ ಕಮಾನು ಮಾತ್ರ ನಿಂತಿದೆ, ಆಚೆ ಆಕಾಶ. ತಾಳೆಮರಗಳು ಕೋಣೆಯೊಳಗೇ ಬೆಳೆದಿವೆ. ಇಗರ್ಜಿಗಳೇ ಹೆಚ್ಚು: ಒಂದೊಂದು ಪಂಥದ ಪಾದ್ರಿಗಳಿಗೆ ಒಂದೊಂದು. ಸಂತ ಜೋಸೆಫರ ಇಗರ್ಜಿಯನ್ನು 1601ರಲ್ಲಿ ದೊಡ್ಡದು ಮಾಡಿ ಕಟ್ಟಿದರಂತೆ, ಅದರ ಗೋಪುರ ಈಗಲೂ ಎತ್ತರಕ್ಕೆ ನಿಂತಿದೆ. ಒಳಗೆ ಸುರುಳಿ ಮೆಟ್ಟಿಲು, ಕತ್ತಲೆ, ಬಾವಲಿ ವಾಸನೆ. ನಾಲ್ಕು ಸುತ್ತು ಹತ್ತಿದ ಮೇಲೆ ನನ್ನ ಮಂಡಿ ‘ಸಾಕು’ ಅಂದಿತು, ಇಳಿದೆ.

ಫ್ರಾನ್ಸಿಸ್ಕನ್ನರ ಇಗರ್ಜಿಯ ನೆಲದಲ್ಲಿ ನಡೆಯುವುದು ನನಗೆ ಕಷ್ಟವಾಯಿತು. ನೆಲಕ್ಕೆ ಹಾಸಿದ ಚಪ್ಪಡಿಗಳೆಲ್ಲ ಸಮಾಧಿ ಕಲ್ಲುಗಳು. ಇಂಥವನು, ಇಂಥವನ ಹೆಂಡತಿ, ಇಷ್ಟನೇ ಇಸವಿ. ಅಕ್ಷರ ಅರ್ಧ ಸವೆದಿದೆ. ಚಪ್ಪಲಿ ಕೈಯಲ್ಲಿ ಹಿಡಿದುಕೊಂಡೆ, ಆದರೆ ಕಾಲು ಎಲ್ಲಿ ಇಡುವುದು? ನಮ್ಮ ಮನೆಯವರು ಗೋಡೆಯ ಪಕ್ಕಕ್ಕೇ ಸುತ್ತಿಕೊಂಡು ಬಂದರು. ಜೆಸೂಯಿಟರ ಇಗರ್ಜಿಯ ಮುಂಭಾಗ ಮಾತ್ರ ಇನ್ನೂ ಚೆನ್ನಾಗಿದೆ. ಆ ಜೆಸೂಯಿಟರ ಕೈಯಲ್ಲೇ ಓದಿದ ವಸಾಯಿಯ ಹುಡುಗ ಗೊನ್ಸಾಲೊ ಗಾರ್ಸಿಯ. ಜಪಾನಿಗೆ ಹೋದ, 1597ರ ಫೆಬ್ರವರಿ 5ರಂದು ನಾಗಸಾಕಿಯಲ್ಲಿ ಶಿಲುಬೆಗೇರಿಸಿದರು, 1862ರಲ್ಲಿ ಸಂತ ಪದವಿ ಸಿಕ್ಕಿತು. ಆ ಕಡೆಯ ಕ್ರೈಸ್ತರಿಗೆ ಈ ಪಾಳು ಈಗಲೂ ಪಾಳಲ್ಲ.

ಕಲ್ಲಿನ ಬಗ್ಗೆ ಒಂದು ಮಾತು ಹೇಳದೆ ಹೋದರೆ ನನಗೆ ಸಮಾಧಾನ ಆಗುವುದಿಲ್ಲ. ನಮ್ಮಲ್ಲಿ ಗೋಡೆಯ ದೊಡ್ಡ ಕಲ್ಲುಗಳ ಸಂದಿಗೆ ಗಾರೆಯೇ ಇಲ್ಲ, ಕಲ್ಲಿನ ಭಾರವೇ ಕಲ್ಲನ್ನು ಹಿಡಿದಿದೆ. ಅಲ್ಲಿ ಎಲ್ಲ ಸುಣ್ಣದ ಗಾರೆ. ಮೂಲೆಗೆ, ಬಾಗಿಲಿಗೆ ಮಾತ್ರ ನುಣ್ಣಗೆ ಕೆತ್ತಿದ ಕಪ್ಪು ಕಲ್ಲು. ವಸಾಯಿ ಕಲ್ಲು ಅಂದರೆ ಆ ಕಾಲಕ್ಕೆ ಹೆಸರುವಾಸಿ. ಹಡಗಿನಲ್ಲಿ ಗೋವಾಕ್ಕೆ ಹೋಗುತ್ತಿತ್ತು. ಹಳೇ ಗೋವಾದ ಬೋಂ ಜೀಸಸ್ ಇಗರ್ಜಿಯ ಮುಖದ ಕೆತ್ತನೆಯಲ್ಲಿ ಈ ಕಲ್ಲಿದೆ. ಮುಂದಿನ ಸಲ ಗೋವಾಕ್ಕೆ ಹೋದರೆ ನೋಡಿ, ಕೆಂಪು ಮುರಕಲ್ಲಿನ ನಡುವೆ ಬೇರೆ ಬಣ್ಣ ಎದ್ದು ಕಾಣುತ್ತದೆ.

ಈಗ ನೀರು. ಗಂಟಲು ಒಣಗಿತ್ತಾದ್ದರಿಂದ ಇನ್ನೂ ಶ್ರದ್ಧೆಯಿಂದ ಹುಡುಕಿದೆ. ಬಾವಿಗಳಿವೆ. ಒಂದಕ್ಕೆ ಬಗ್ಗಿ ನೋಡಿದರೆ, ಮೇ ತಿಂಗಳಲ್ಲೂ, ಕೈಗೆಟುಕುವ ಆಳದಲ್ಲಿ ನೀರು! ಪಾಚಿ, ಪ್ಲಾಸ್ಟಿಕ್ ಲೋಟ, ಒಂದು ಆಮೆ. ನಮ್ಮ ಜಿಲ್ಲೆಯಲ್ಲಿ ಸಾವಿರ ಅಡಿ ಕೊರೆಸಿದರೂ ಧೂಳು ಬರುತ್ತದೆ, ಇಲ್ಲಿ ಬಗ್ಗಿದರೆ ನೀರು. ಮಳೆ ವರ್ಷಕ್ಕೆ 2000 ಮಿಲಿಮೀಟರ್ ಮೀರಿ ಸುರಿಯುವ ಜಾಗ. ಹೊಂಡದಿಂದ ಹೊಂಡಕ್ಕೆ ಜೋಡಿಸುವ ತಲೆಬಿಸಿ ಆ ಎಂಜಿನಿಯರುಗಳಿಗೆ ಇರಲೇ ಇಲ್ಲ. ಅವರ ಚಿಂತೆಯೆಲ್ಲ ಇನ್ನೊಂದು ನೀರಿನ ಬಗ್ಗೆ: ಸಮುದ್ರದ ದಾರಿ. ಅಕ್ಕಿ, ಮದ್ದು, ಸೈನಿಕ, ಸಂಬಳ ಎಲ್ಲ ಬರಬೇಕಾದದ್ದು ಆ ದಾರಿಯಲ್ಲಿ. ಸಮುದ್ರದ ಬಾಗಿಲಿಗೆ ಇಳಿದು ನೋಡಿದೆ. ದಪ್ಪ ಮರದ ಕದ, ಕಬ್ಬಿಣದ ಮೊಳೆ, ಆಚೆ ಮೀನುಗಾರರ ದೋಣಿ. ಅಲ್ಲಿ ನಿಂತರೆ ಗೊತ್ತಾಗುತ್ತದೆ, ಕೋಟೆಯ ಬಾಯಿ ಇದು. ನಮಗೆ ಗೋಪಾಲಸ್ವಾಮಿ ಹೊಂಡ ಹೇಗೋ ಅವರಿಗೆ ಈ ಅಳಿವೆ ಹಾಗೆ.

ಮರಾಠರಿಗೆ ಅದು ಚೆನ್ನಾಗಿ ಗೊತ್ತಿತ್ತು. ಒಂದನೇ ಬಾಜಿರಾಯನ ತಮ್ಮ ಚಿಮಾಜಿ ಅಪ್ಪ ವಸಾಯಿಗೆ ಕೈ ಹಾಕುವ ಮೊದಲು ಸುತ್ತಲಿನದನ್ನು ಒಂದೊಂದಾಗಿ ಕಿತ್ತುಕೊಂಡ. ಠಾಣೆ 1737ರಲ್ಲೇ ಹೋಯಿತು. 1739ರಲ್ಲಿ ವರ್ಸೋವಾ, ಅಳಿವೆಯ ಆಚೆ ದಡದ ಧಾರಾವಿ. ಇದು ನೀವು ಸಿನಿಮಾದಲ್ಲಿ ನೋಡುವ ಧಾರಾವಿ ಅಲ್ಲ, ಭಾಯಂದರ್ ಕಡೆ ಸಮುದ್ರದ ಮೂಲೆಯಲ್ಲಿರುವ ಇನ್ನೊಂದು. ನಾನು ರೈಲಿನಲ್ಲಿ ದಾಟಿದೆನಲ್ಲ, ಆ ಅಳಿವೆಯ ಎರಡೂ ಬದಿ ಈಗ ಶತ್ರುವಿನ ಕೈಯಲ್ಲಿ. ಪೈಪ್‌ಲೈನಿನ ವಾಲ್ವು ತಿರುಗಿಸಿದ ಹಾಗೆ. ಪೂರ್ತಿ ನಿಲ್ಲಲಿಲ್ಲ, ಆದರೆ ಪ್ರೆಷರ್ ಬಿತ್ತು.

ಫೆಬ್ರವರಿಯಲ್ಲಿ ಶುರುವಾದ ಮುತ್ತಿಗೆ ಮೇ ತನಕ ಎಳೆಯಿತು. ಮೇ ತಿಂಗಳಲ್ಲಿ ಅಲ್ಲಿ ನಿಂತಿದ್ದರಿಂದ ನನಗೆ ಒಂದು ವಿಷಯ ಮೈಗೇ ತಿಳಿಯಿತು, ಪುಸ್ತಕದಲ್ಲಿ ಓದಿದಾಗ ತಿಳಿದಿರಲಿಲ್ಲ. ಗಾಳಿ ಆಗಲೇ ಒದ್ದೆ. ದೂರದಲ್ಲಿ ಮೋಡ ಕಟ್ಟುತ್ತಿತ್ತು. ಜೂನ್ ಮೊದಲ ವಾರ ಮಳೆ ಹಿಡಿದರೆ ಆ ಸಪಾಟು ನೆಲದಲ್ಲಿ ತೋಡಿದ ಕಂದಕವೆಲ್ಲ ಕೆರೆ. ಮರಾಠರು ಗೋಡೆ ಒಡೆಯಲು ಮಾಡುತ್ತಿದ್ದದ್ದು ಏನು? ನೆಲದೊಳಗೆ ಸುರಂಗ ತೋಡಿ, ಬತೇರಿಯ ಬುಡಕ್ಕೆ ಮದ್ದು ತುಂಬುವುದು. ಬಗ್ಗಿದರೆ ನೀರು ಸಿಗುವ ನೆಲದಲ್ಲಿ ಸುರಂಗ! ಒಂದು ಚರಂಡಿ ತೋಡಿಸಲು ಮಳೆಗಾಲದಲ್ಲಿ ಎಷ್ಟು ಒದ್ದಾಡಿದ್ದೇನೆ ಅಂತ ನನಗೆ ಗೊತ್ತು. ಮದ್ದು ಒದ್ದೆಯಾದರೆ ಮೂರು ತಿಂಗಳ ಕೆಲಸ, ಸತ್ತ ಸಾವಿರಾರು ಜನ, ಎಲ್ಲ ನೀರಲ್ಲಿ ಹೋಮ. ಕೋಟೆ ಕೈಗೆ ಬರದಿದ್ದರೆ ನನ್ನ ತಲೆಯನ್ನಾದರೂ ತೋಪಿನಲ್ಲಿಟ್ಟು ಒಳಕ್ಕೆ ಹಾರಿಸಿ ಅಂತ ಚಿಮಾಜಿ ತನ್ನವರಿಗೆ ಹೇಳಿದ ಅಂತ ಒಂದು ಕಥೆ ಇದೆ. ಅಲ್ಲಿ ಎಲ್ಲರೂ ಅದನ್ನು ಶೌರ್ಯ ಅಂತ ಹೇಳುತ್ತಾರೆ. ನನಗೆ ಅದರಲ್ಲಿ ಕ್ಯಾಲೆಂಡರ್ ನೋಡುತ್ತಿರುವ ಮನುಷ್ಯನ ಅವಸರ ಕಾಣುತ್ತದೆ.

ಮೇ ಮಧ್ಯದಲ್ಲಿ ಮದ್ದು ಹೊತ್ತಿತು. ಸಾವೊ ಸೆಬಾಸ್ಟಿಯಾವೊ ಬತೇರಿಯ ಕಡೆ ಗೋಡೆ ಬಾಯಿಬಿಟ್ಟಿತು. ಒಳಗಿನವರು ಬಿಳಿ ಬಾವುಟ ಹಿಡಿದರು. ಷರತ್ತು ಕೇಳಿ: ಆಯುಧ ಹಿಡಿದು, ಮರ್ಯಾದೆಯಿಂದ, ಹೆಂಡತಿ ಮಕ್ಕಳ ಜೊತೆ ಹೊರಡಬಹುದು. ಹೊರಟರು. ಅವರ ಬೆನ್ನ ಹಿಂದೆ ಸಮುದ್ರ ಇತ್ತು, ಹಡಗು ಇತ್ತು, ಹೋಗಲು ಗೋವಾ ಇತ್ತು.

ಇದನ್ನು ಓದಿದಾಗೆಲ್ಲ ನನಗೆ ಹೈದರಾಲಿ ಚಿತ್ರದುರ್ಗ ಹಿಡಿದ 1779 ನೆನಪಾಗುತ್ತದೆ. ನಮ್ಮ ಬೆಟ್ಟಕ್ಕೆ ಸುರಂಗ ತೋಡುವ ಮಾತೇ ಇರಲಿಲ್ಲ. ಒಳಗಿನವರ ದ್ರೋಹದಿಂದ ಹೋಯಿತು. ಮದಕರಿ ನಾಯಕನನ್ನು ಮನೆಯವರ ಸಮೇತ ಹಿಡಿದು ಶ್ರೀರಂಗಪಟ್ಟಣಕ್ಕೆ ಕಳಿಸಿದರು. ಅಷ್ಟಕ್ಕೇ ನಿಲ್ಲಲಿಲ್ಲ. ಸುಮಾರು 20,000 ಬೇಡರನ್ನು ಈ ಸೀಮೆಯಿಂದ ಎಬ್ಬಿಸಿ ಅತ್ತ ಸಾಗಿಸಿದರು, ಹುಡುಗರನ್ನೆಲ್ಲ ಸೇರಿಸಿ ಚೇಲಾ ಪಡೆ ಮಾಡಿದರು. ನಮ್ಮವರಿಗೆ ಹತ್ತಲು ಹಡಗು ಇರಲಿಲ್ಲ. ನಡೆದುಕೊಂಡೇ ಹೋಗಿರಬೇಕು, ಇಲ್ಲಿಂದ ಹಿರಿಯೂರು, ಶಿರಾ ದಾರಿಯಲ್ಲೋ ಏನೋ. ಆ ನಡಿಗೆಯ ಬಗ್ಗೆ ನಾವು ಮಾತಾಡುವುದು ಕಡಿಮೆ.

ಮರಾಠರಿಗೂ ನಮಗೂ ಒಂದು ಕೊಂಡಿ ಇದೆ, ಬಿಟ್ಟುಬಿಡಬಾರದು. 1770ರಲ್ಲಿ ಪೇಶ್ವೆ ಮಾಧವರಾಯ, ಅಂದರೆ ಈ ಚಿಮಾಜಿಯ ಅಣ್ಣನ ಮೊಮ್ಮಗ, ಹೈದರನ ನಿಜಗಲ್ ಕೋಟೆಗೆ ಮುತ್ತಿಗೆ ಹಾಕಿ ಕೂತ. ತಿಂಗಳುಗಟ್ಟಲೆ ಆದರೂ ಬಗ್ಗಲಿಲ್ಲ, ಪೇಶ್ವೆಯ ತಮ್ಮನಿಗೇ ಗಾಯವಾಯಿತು. ಕೊನೆಗೆ ಏರಿ ಹಿಡಿದವರು ಯಾರು? ಮದಕರಿ ನಾಯಕನ ಚಿತ್ರದುರ್ಗದ ಬೇಡರು. ನಿಜಗಲ್ ನಿಮಗೆ ಗೊತ್ತು. ಬೆಂಗಳೂರಿಗೆ ಹೋಗುವಾಗ ದಾಬಸ್‌ಪೇಟೆ ಹತ್ತಿರ ಬಸ್ಸಿನ ಕಿಟಕಿಯಲ್ಲಿ ಕಾಣುವ ಬೆಟ್ಟ. ಆ ಹೊತ್ತಿಗೆ ನಾವೆಲ್ಲ ತಿಂಡಿ ತಿಂದು ನಿದ್ದೆಗೆ ಜಾರಿರುತ್ತೇವೆ.

ಗೆದ್ದ ಮೇಲೆ ಮರಾಠರು ವಸಾಯಿಯಿಂದ ಏನು ತೆಗೆದುಕೊಂಡು ಹೋದರು? ಘಂಟೆ. ಇಗರ್ಜಿಗಳ ಕಂಚಿನ ಘಂಟೆಗಳನ್ನು ಇಳಿಸಿ, ಹೊತ್ತು, ಘಟ್ಟ ಹತ್ತಿಸಿ ದೇವಸ್ಥಾನಗಳಿಗೆ ಕಟ್ಟಿದರು. ಭೀಮಾಶಂಕರದಲ್ಲಿ ಒಂದಿದೆ, ಮೈಮೇಲೆ 1729 ಅಂತ ಇಸವಿ. ನಾಸಿಕದ ನಾರೋಶಂಕರ ದೇವಸ್ಥಾನದಲ್ಲಿ ಒಂದು, ಅದರಲ್ಲಿ 1721. ಈ ಎರಡನೆಯದನ್ನು ಆ ಸಲವೇ ಹೋಗಿ ನೋಡಿದೆವು, ಗೋದಾವರಿಯ ದಡದಲ್ಲಿ, ಪಂಚವಟಿಯ ಕಡೆ. ಪರಂಗಿ ಅಕ್ಷರದ ಘಂಟೆ ಶಿವನ ಮುಂದೆ ತೂಗಾಡುತ್ತದೆ. ನನಗೆ ಖುಷಿ ಕೊಟ್ಟದ್ದು ಬೇರೆ. ನಾಸಿಕದ ಜನ ಗೋದಾವರಿಯ ನೆರೆಯನ್ನು ಅಡಿ, ಮೀಟರಿನಲ್ಲಿ ಹೇಳುವುದಿಲ್ಲ. ನದಿಯಲ್ಲಿ ಎರಡು ಮುಖದ ದೊಡ್ಡ ಮಾರುತಿ ನಿಂತಿದ್ದಾನೆ, ನೀರು ಅವನ ಮೊಣಕಾಲಿಗೆ ಬಂತು, ಸೊಂಟಕ್ಕೆ ಬಂತು, ಕೊರಳಿಗೆ ಬಂತು ಅನ್ನುತ್ತಾರೆ. ಅದಕ್ಕೂ ಮೀರಿದ ಮಹಾಪೂರ ಬಂದರೆ ನಾರೋಶಂಕರನ ಘಂಟೆಗೆ ನೀರು ಮುಟ್ಟಿತು ಅನ್ನುತ್ತಾರೆ. ಪ್ರಾರ್ಥನೆಗೆ ಜನರನ್ನು ಕರೆಯಲು ಎರಕ ಹೊಯ್ದ ಘಂಟೆ ಈಗ ನೆರೆ ಅಳೆಯುವ ಗೇಜು. ನಮ್ಮ ಇಲಾಖೆಯ ಗೇಜುಗಳಿಗಿಂತ ಜನ ಅದನ್ನು ಹೆಚ್ಚು ನಂಬುತ್ತಾರೆ.

ಆಮೇಲಿನದು ಚುಟುಕಾಗಿ. 1780ರಲ್ಲಿ ಇಂಗ್ಲಿಷರು ವಸಾಯಿ ಹಿಡಿದರು, ಮರಾಠರ ಜೊತೆ ಆದ ಸಾಲ್‌ಬಾಯಿ ಒಪ್ಪಂದದಲ್ಲಿ ಬಿಟ್ಟುಕೊಟ್ಟರು. 1802ರಲ್ಲಿ ಹೋಳ್ಕರನ ಕೈಯಲ್ಲಿ ಸೋತು ಪುಣೆ ಬಿಟ್ಟು ಓಡಿ ಬಂದ ಪೇಶ್ವೆ ಎರಡನೇ ಬಾಜಿರಾಯ ಇಲ್ಲೇ ಇಂಗ್ಲಿಷರ ಜೊತೆ ರುಜು ಹಾಕಿದ, ಡಿಸೆಂಬರ್ 31ಕ್ಕೆ. ಅಜ್ಜನ ತಮ್ಮ ಅಷ್ಟು ಕಷ್ಟಪಟ್ಟು ಗೆದ್ದ ಊರಲ್ಲಿ ಕೂತೇ ಮೊಮ್ಮಗ ರಾಜ್ಯ ಅಡವಿಟ್ಟ. ಬಹಾದುರ್ ಷಾ ಹುಮಾಯೂನನಿಗೆ ಹೆದರಿ ರುಜು ಮಾಡಿದ್ದು, ಇವನು ಹೋಳ್ಕರನಿಗೆ ಹೆದರಿ. ಎರಡು ಸಲವೂ ಕೈಹಿಡಿಯಲು ಬಂದವರು ಹಡಗಿನವರೇ.

ಈಗ ಅಲ್ಲಿ ಪುರಾತತ್ವ ಇಲಾಖೆಯ ಫಲಕ ಇದೆ, ಮದುವೆಗೆ ಮೊದಲು ಫೋಟೋ ತೆಗೆಸಿಕೊಳ್ಳುವ ಜೋಡಿಗಳಿವೆ. ಒಬ್ಬ ಹುಡುಗಿ ಉದ್ದ ಲಂಗ ಎತ್ತಿ ಹಿಡಿದುಕೊಂಡು ಸಮಾಧಿ ಕಲ್ಲಿನ ಮೇಲೇ ಓಡಿದಳು, ಫೋಟೋದವನು ‘ಇನ್ನೊಂದು ಸಲ’ ಅಂದ. ಸಮುದ್ರದ ಬಾಗಿಲ ಕಡೆ ಕೋಳಿಗಳು, ಅಂದರೆ ಅಲ್ಲಿಯ ಮೀನುಗಾರರು, ಬಿದಿರು ಗಳ ಕಟ್ಟಿ ಬೊಂಬಿಲ್ ಮೀನು ಒಣಗಿಸುತ್ತಾರೆ. ಎರಡೆರಡು ಮೀನಿನ ಬಾಯಿ ಒಂದಕ್ಕೊಂದು ಸಿಕ್ಕಿಸಿ ಗಳದ ಮೇಲೆ ಜೋತು ಹಾಕುತ್ತಾರೆ, ದಾರ ಬೇಡ, ಮೊಳೆ ಬೇಡ. ನಮ್ಮ ಮನೆಯವರು ಮೂಗಿಗೆ ಸೆರಗು ಹಿಡಿದರು, ಆದರೆ ಆ ಕೈಚಳಕ ನೋಡುತ್ತ ಐದು ನಿಮಿಷ ಅಲ್ಲೇ ನಿಂತರು.

ಅಲ್ಲಿ ನೆರಳಿನಲ್ಲಿ ಕೂತಿದ್ದ ಒಬ್ಬ ಅಜ್ಜಿ ನಮ್ಮ ಮುಖ ನೋಡಿಯೇ ಕರೆದಳು. ನೀಲಿ ಕ್ಯಾನಿನಿಂದ ಸ್ಟೀಲ್ ಲೋಟಕ್ಕೆ ನೀರು ಬಗ್ಗಿಸಿ ಕೊಟ್ಟಳು. ಒಂದೇ ಉಸಿರಿಗೆ ಕುಡಿದೆ. ಚಾಳಿ ಬಿಡುತ್ತದಾ? ‘ಮಾವ್ಶಿ, ಇದು ಬಾವಿ ನೀರಾ?’ ಅಂದೆ ನನಗೆ ಬರುವ ಹಿಂದಿಯಲ್ಲಿ. ‘ಟ್ಯಾಂಕರ್’ ಅಂದಳು. 2000 ಮಿಲಿಮೀಟರ್ ಮಳೆಯ ಊರಲ್ಲಿ, ಕೈಗೆಟುಕುವ ಬಾವಿಯ ಪಕ್ಕದಲ್ಲಿ, ಟ್ಯಾಂಕರ್. ನನಗೆ ಊರಿಗೆ ಬಂದ ಹಾಗಾಯಿತು.

ಎಲ್ಲಿಂದ ಬಂದಿರಿ ಅಂತ ಕೇಳಿದಳು. ಕರ್ನಾಟಕ, ಚಿತ್ರದುರ್ಗ, ಅಲ್ಲೂ ಕೋಟೆ ಇದೆ ಅಂದೆ. ಇದಕ್ಕಿಂತ ದೊಡ್ಡದು ಅಂತ ಸೇರಿಸುವುದನ್ನು ಮರೆಯಲಿಲ್ಲ.

‘ಸಮುದ್ರ?’

ಸಮುದ್ರ ಇಲ್ಲ ಅಂದೆ.

‘ನದಿ?’

ನದಿಯೂ ಇಲ್ಲ.

ಅಜ್ಜಿ ಮೀನಿನ ರಾಶಿಯಿಂದ ಕೈ ತೆಗೆದು ನನ್ನನ್ನೇ ನೋಡಿದಳು. ‘ಮತ್ತೆ ಅಲ್ಲಿ ಯಾಕೆ ಕಟ್ಟಿದರು, ಕಾಕಾ?’

ಹೊಂಡಗಳ ಕಥೆ ಹಿಂದಿಯಲ್ಲಿ ಎಲ್ಲಿಂದ ಶುರುಮಾಡಲಿ ಅಂತ ಯೋಚಿಸುತ್ತಿದ್ದೆ. ಅಷ್ಟರಲ್ಲಿ ಅವಳು ಪಾಪ ಅನ್ನುವ ಹಾಗೆ ತಲೆಯಾಡಿಸಿ, ಕ್ಯಾನು ಬಗ್ಗಿಸಿ, ನನಗೆ ಇನ್ನೊಂದು ಲೋಟ ನೀರು ಕೊಟ್ಟಳು.